ಗುಂಪು ಮಾಡಿ ಕೂರಿಸಿದರೆ ಒಬ್ಬರೇ ಬರೆಯುತ್ತಾರೆ. ತಂಡದಲ್ಲಿ ಕಲಿಕೆ ನಿಜವಾಗಿ ನಡೆಯೋದು ಹೇಗೆ?

ಗಣಿತ ಟೀಚರ್, ಹಾಸನ ಜಿಲ್ಲೆ

ಎಲ್ಲರಿಗೂ ನಮಸ್ಕಾರ. ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಪಾಠ ಮಾಡುತ್ತೇನೆ. ಎಂಟನೇ ತರಗತಿಯಲ್ಲಿ 46 ಮಕ್ಕಳಿದ್ದಾರೆ. ತರಬೇತಿಗೆ ಹೋದಾಗಲೆಲ್ಲ ಗುಂಪು ಚಟುವಟಿಕೆ ಮಾಡಿಸಿ ಅನ್ನುತ್ತಾರೆ. ಗುಂಪು ಮಾಡಿದ ಮೇಲೆ ಮುಂದೇನು ಅನ್ನೋದನ್ನು ಬಿಡಿಸಿ ಹೇಳಿದವರು ಸಿಕ್ಕಿಲ್ಲ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಈಗ ರೇಖಾತ್ಮಕ ಸಮೀಕರಣ ನಡೆಯುತ್ತಿದೆ. ಒಂಬತ್ತು ಗುಂಪು, ಗುಂಪಿಗೊಂದು ಲೆಕ್ಕದ ಹಾಳೆ. ಪೆನ್ನು ಹಿಡಿದ ಮಗು ಬರೆಯುತ್ತದೆ. ಪಕ್ಕದವನು ಸ್ಕೇಲ್ ಹಿಡಿದು ಮಾರ್ಜಿನ್ ಎಳೆಯುತ್ತಾನೆ. ಇನ್ನೊಬ್ಬಳು ಗುಂಪಿನ ಹೆಸರನ್ನು ಸ್ಕೆಚ್ ಪೆನ್ನಿನಲ್ಲಿ ಚಂದ ಮಾಡಿ ಬರೆಯುತ್ತಾಳೆ. ಉಳಿದವರು ಕಿಟಕಿ ಕಡೆ ನೋಡುತ್ತಾರೆ. ಎಲ್ಲರಿಗೂ ಒಂದೇ ಅಂಕ. ಮಾರನೇ ದಿನ ಕಿಟಕಿ ನೋಡಿದ ಮಗುವನ್ನು ಬೋರ್ಡ್ ಹತ್ತಿರ ಕರೆದು, "ಒಂದು ಸಂಖ್ಯೆಯ ಮೂರರಷ್ಟಕ್ಕೆ 5 ಕೂಡಿದರೆ 20 ಬರುತ್ತೆ, ಆ ಸಂಖ್ಯೆ ಯಾವುದು?" ಅಂತ ಕೇಳಿದರೆ ಸುಮ್ನೆ ನಿಲ್ಲುತ್ತದೆ. ಹಿಂದಿನ ದಿನ ಅದೇ ಮಗುವಿಗೆ 10ಕ್ಕೆ 9 ಬಂದಿತ್ತು.

ಗುಂಪು ಬಿಟ್ಟುಬಿಡೋಣ ಅಂದರೆ ಮನಸ್ಸು ಒಪ್ಪುತ್ತಿಲ್ಲ. 46 ಮಕ್ಕಳ ಹತ್ತಿರವೂ ನಾನೊಬ್ಬಳೇ ಹೋಗಿ ಕೂರೋಕೆ ಆಗಲ್ಲ. ಮಕ್ಕಳು ಮಕ್ಕಳಿಗೆ ಹೇಳಿಕೊಟ್ಟರೇ ದಾರಿ. ನಿಮ್ಮ ತರಗತಿಯಲ್ಲಿ ಇದು ನಡೆದಿದ್ದರೆ ಹೇಗೆ ನಡೆಸಿದಿರಿ, ದಯವಿಟ್ಟು ವಿವರವಾಗಿ ಬರೆಯಿರಿ.

ನಿವೃತ್ತ ಡಯಟ್ (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆ) ಉಪನ್ಯಾಸಕ, ಮೈಸೂರು

ಮೇಡಂ, ಗುಂಪಿಗೊಂದು ಹಾಳೆ, ಗುಂಪಿಗೊಂದು ಅಂಕ. ತೊಂದರೆ ಇರೋದು ಇಲ್ಲೇ. ಈ ಏರ್ಪಾಡಿನಲ್ಲಿ ಯಾವ ಊರಿನ ಮಕ್ಕಳನ್ನು ಕೂರಿಸಿದರೂ ಒಬ್ಬರೇ ಬರೆಯುತ್ತಾರೆ. ದೊಡ್ಡವರೂ ಅಷ್ಟೇ. ರಿಂಗಲ್‌ಮನ್ ಅಂತ ಒಬ್ಬ ಫ್ರೆಂಚ್ ಎಂಜಿನಿಯರ್ ನೂರು ವರ್ಷಕ್ಕೂ ಹಿಂದೆ ಜನರಿಂದ ಹಗ್ಗ ಎಳೆಸಿ ಬಲ ಅಳೆದಿದ್ದ. ಎಳೆಯುವ ಜನ ಜಾಸ್ತಿ ಆದ ಹಾಗೆ ಒಬ್ಬೊಬ್ಬರು ಹಾಕುವ ಬಲ ಕಡಿಮೆ ಆಗುತ್ತಾ ಹೋಯಿತು.

ಇದಕ್ಕೆ ನನಗೆ ಗೊತ್ತಿರುವ ಗಟ್ಟಿ ಉತ್ತರ ರಾಬರ್ಟ್ ಸ್ಲಾವಿನ್ ಅವರದು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದಲ್ಲಿದ್ದರು, 2021ರಲ್ಲಿ ತೀರಿಕೊಂಡರು. ಗುಂಪು ಕಲಿಕೆ ಬಗ್ಗೆ ನಡೆದ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿ ಅವರು ಕಂಡುಕೊಂಡದ್ದು ಇದು: ಎರಡು ಸಂಗತಿ ಒಟ್ಟಿಗೆ ಇದ್ದ ಕಡೆ ಮಕ್ಕಳ ಕಲಿಕೆ ಚೆನ್ನಾಗಿ ಏರಿದೆ. ಒಂದು, ಇಡೀ ತಂಡಕ್ಕೆ ಒಂದು ಗುರಿ. ಎರಡು, ಆ ಗುರಿ ಮುಟ್ಟೋದು ಪ್ರತಿ ಮಗು ತಾನೇ ಕಲಿತದ್ದರ ಮೇಲೆ ನಿಂತಿರಬೇಕು. ಒಂದಿದ್ದು ಇನ್ನೊಂದು ಇಲ್ಲದಿದ್ದರೆ ಅಂಥ ಫಲ ಸಿಕ್ಕಿಲ್ಲ.

ಅವರ ಕ್ರಮಕ್ಕೆ ಸ್ಟಾಡ್ ಅಂತ ಹೆಸರು. ಮೊದಲು ಪಾಠ ನೀವೇ ಮಾಡುತ್ತೀರಿ. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಎಷ್ಟೋ ಕಡೆ ಪಾಠವನ್ನೇ ಗುಂಪಿಗೆ ಒಪ್ಪಿಸಿ ಟೀಚರ್ ಮರೆಗೆ ಸರಿಯುತ್ತಾರೆ. ಆಮೇಲೆ ನಾಲ್ಕು ಮಕ್ಕಳ ತಂಡದಲ್ಲಿ ಅಭ್ಯಾಸ. ತಂಡಕ್ಕೆ ಎರಡೇ ಲೆಕ್ಕದ ಹಾಳೆ ಕೊಡಿ. ಆಗ ಇಬ್ಬಿಬ್ಬರು ತಲೆ ಸೇರಿಸಿ ಕೂರಲೇಬೇಕಾಗುತ್ತದೆ. ಸರಿ ಉತ್ತರದ ಹಾಳೆಯನ್ನೂ ಆಗಲೇ ಕೊಟ್ಟುಬಿಡಿ. ಉತ್ತರ ಕೈಯಲ್ಲೇ ಇದ್ದರೆ ಕಾಪಿ ಹೊಡೆಯುವುದರಲ್ಲಿ ಅರ್ಥ ಉಳಿಯಲ್ಲ. ಈ ಉತ್ತರ ಹೇಗೆ ಬಂತು ಅನ್ನೋದಷ್ಟೇ ಮಾತಾಡೋಕೆ ಉಳಿಯುತ್ತದೆ. ಯಾರಿಗೇ ಅನುಮಾನ ಬಂದರೂ ಮೊದಲು ತಂಡದವರನ್ನು ಕೇಳಬೇಕು, ತಂಡದಲ್ಲಿ ಯಾರಿಗೂ ಗೊತ್ತಿಲ್ಲದಿದ್ದರೆ ಮಾತ್ರ ನಿಮ್ಮನ್ನು.

ಕೊನೆಗೆ ಕಿರುಪರೀಕ್ಷೆ. ಅದು ಒಬ್ಬೊಬ್ಬರೇ ಬರೆಯೋದು, ಮಾತಿಲ್ಲ, ಸಹಾಯ ಇಲ್ಲ. ಅಂಕವನ್ನು ಅವರವರ ಹಿಂದಿನ ಸರಾಸರಿ ಜೊತೆ ಹೋಲಿಸಬೇಕು. 20 ಅಂಕದ ಪರೀಕ್ಷೆ ಅಂದುಕೊಳ್ಳಿ. ತನ್ನ ಸರಾಸರಿಗಿಂತ 2ಕ್ಕೂ ಹೆಚ್ಚು ಏರಿದರೆ ತಂಡಕ್ಕೆ 30 ಪಾಯಿಂಟ್. ಸರಾಸರಿಯಷ್ಟೇ ಬಂದರೆ ಅಥವಾ 2ರವರೆಗೆ ಏರಿದರೆ 20. 2ರವರೆಗೆ ಇಳಿದರೆ 10, ಅದಕ್ಕೂ ಕೆಳಗೆ ಹೋದರೆ 5. ಇಪ್ಪತ್ತಕ್ಕೆ ಇಪ್ಪತ್ತು ತೆಗೆದವರಿಗೆ ಹಿಂದಿನದು ಎಷ್ಟೇ ಇರಲಿ 30.

ಒಂದು ತಂಡ ತೆಗೆದುಕೊಳ್ಳಿ. ನಾಲ್ವರ ಹಿಂದಿನ ಸರಾಸರಿ 17, 11, 9, 4. ಈ ಸಲ ಬಂದದ್ದು 18, 10, 12, 7. ಪಾಯಿಂಟ್ 20, 10, 30, 30. ಕೂಡಿದರೆ 90, ಸರಾಸರಿ 22.5. ಇಪ್ಪತ್ತಕ್ಕೆ 7 ತೆಗೆದ ಮಗು ತಂಡಕ್ಕೆ 30 ತಂದಿದೆ, 18 ತೆಗೆದ ಮಗು 20 ತಂದಿದೆ. ಮುಂದಿನ ವಾರ ಆ 17ರ ಮಗು ಯಾರ ಪಕ್ಕ ಕೂತು ಹೇಳಿಕೊಡುತ್ತದೆ ನೋಡಿ.

ಪ್ರೈಮರಿ ಟೀಚರ್, ಬಾಗಲಕೋಟೆ

ಸರ್, ಬಹಳ ಚಲೋ ತಿಳಿಸಿ ಬರೆದೀರಿ. ಒಂದು ಪ್ರಶ್ನೆ. ತಂಡ ಯಾರು ಮಾಡಬೇಕು? ಮಕ್ಕಳಿಗೇ ಬಿಟ್ಟರೆ ಒಂದೇ ಓಣಿಯವರು ಒಂದು ಕಡೆ ಕೂಡುತ್ತಾರೆ. ಹುಡುಗರು ಬೇರೆ, ಹುಡುಗಿಯರು ಬೇರೆ. ಕೊನೆಗೆ ಯಾರೂ ಕರೆಯದ ಮೂರ್ನಾಲ್ಕು ಮಕ್ಕಳು ಉಳಿಯುತ್ತಾರೆ, ಅವರದ್ದೇ ಒಂದು ಗುಂಪು ಆಗುತ್ತದೆ. ಆ ಗುಂಪಿನ ಮುಖ ನೋಡಲಿಕ್ಕೆ ಆಗುವುದಿಲ್ಲ.

ನಿವೃತ್ತ ಡಯಟ್ ಉಪನ್ಯಾಸಕ, ಮೈಸೂರು

ಟೀಚರೇ ಮಾಡಬೇಕು. ಅದರಲ್ಲಿ ಎರಡು ಮಾತಿಲ್ಲ. ಅಂಕದ ಪ್ರಕಾರ ಎಲ್ಲರ ಹೆಸರನ್ನು ಮೇಲಿನಿಂದ ಕೆಳಗೆ ಬರೆದುಕೊಳ್ಳಿ. ಹಾಸನದ ಮೇಡಂ ತರಗತಿಯಲ್ಲಿ 46 ಮಕ್ಕಳು, ಅಂದರೆ 11 ತಂಡ, ಎರಡು ತಂಡದಲ್ಲಿ ಐದು ಜನ. ಮೊದಲ ಹನ್ನೊಂದು ಮಕ್ಕಳಿಗೆ 1ರಿಂದ 11ರವರೆಗೆ ತಂಡದ ಸಂಖ್ಯೆ ಹಾಕಿ. ಹನ್ನೆರಡನೇ ಮಗುವಿನಿಂದ ತಿರುಗಿಸಿ 11ರಿಂದ 1ಕ್ಕೆ ಬನ್ನಿ. ಮತ್ತೆ ಹಾಗೆಯೇ. ಪ್ರತಿ ತಂಡದಲ್ಲೂ ಎಲ್ಲ ಮಟ್ಟದವರು ಬರುತ್ತಾರೆ.

ಅದಾದ ಮೇಲೆ ಪಟ್ಟಿಯನ್ನು ಇನ್ನೊಂದು ಕಣ್ಣಿನಿಂದ ನೋಡಬೇಕು. ಒಂದೇ ಕೇರಿಯವರೇ ಒಂದು ತಂಡದಲ್ಲಿ ಬಂದಿದ್ದಾರಾ? ಹತ್ತು ದಿನದ ಹಿಂದೆ ಹೊಡೆದಾಡಿಕೊಂಡ ಇಬ್ಬರು ಒಟ್ಟಿಗೆ ಬಿದ್ದಿದ್ದಾರಾ? ಮೂರು ಹುಡುಗರ ನಡುವೆ ಒಬ್ಬಳೇ ಹುಡುಗಿ ಸಿಕ್ಕಿಕೊಂಡಿದ್ದಾಳಾ? ಅಂಥ ಕಡೆ ಹೆಸರು ಅದಲು ಬದಲು ಮಾಡಿ. ತರಗತಿಯಲ್ಲಿ ತಂಡದ ಹೆಸರು ಓದುವಾಗ ಅಂಕದ ಸುದ್ದಿ ಎತ್ತಬೇಡಿ. "ನೀನು ಬುದ್ಧಿವಂತ, ಇವರನ್ನು ನೋಡ್ಕೋ" ಅನ್ನುವ ಮಾತು ಬಾಯಿಂದ ಬಂದರೆ ಉಳಿದ ಮೂವರು ಅಲ್ಲೇ ಕೈ ಚೆಲ್ಲುತ್ತಾರೆ.

ಒಬ್ಬ ತಾಯಿ, ಶಿವಮೊಗ್ಗ

ನಾನು ಟೀಚರ್ ಅಲ್ಲ. ಆದರೂ ಬರೆಯಬೇಕು ಅನ್ನಿಸಿತು. ನನ್ನ ಮಗಳು ಒಂಬತ್ತನೇ ತರಗತಿ. ಚೆನ್ನಾಗಿ ಓದುತ್ತಾಳೆ. ಗುಂಪಿನ ಕೆಲಸ ಬಂತು ಅಂದರೆ ರಾತ್ರಿ ಹನ್ನೊಂದರವರೆಗೆ ಚಾರ್ಟ್ ಬರೆಯುವವಳು ಅವಳೊಬ್ಬಳೇ. ಬಣ್ಣ, ಚಿತ್ರ, ಬರಹ ಎಲ್ಲ ಅವಳದ್ದು. ಬೆಳಿಗ್ಗೆ ಐದು ಹೆಸರು ಬರೆದುಕೊಂಡು ಹೋಗುತ್ತಾಳೆ. "ಯಾಕಮ್ಮಾ ನೀನೊಬ್ಬಳೇ?" ಅಂದರೆ, "ಅವರು ಮಾಡಿದರೆ ನನ್ನ ಅಂಕ ಹೋಗುತ್ತೆ" ಅನ್ನುತ್ತಾಳೆ. ಈ ಹೊಸ ಕ್ರಮದಲ್ಲೂ ಬೇರೆ ಮಕ್ಕಳಿಗೆ ಪಾಠ ಹೇಳುವ ಹೊರೆ ಅವಳ ಮೇಲೇ ಬೀಳುತ್ತದೆ ಅಲ್ವಾ? ಅವಳು ಕಲಿಯೋದು ಯಾವಾಗ?

ವಿಜ್ಞಾನ ಶಿಕ್ಷಕಿ, ಉಡುಪಿ

ಅಮ್ಮಾ, ನಿಮ್ಮ ಬೇಸರ ನ್ಯಾಯವಾದದ್ದು. ಮನೆಗೆ ಕೊಡುವ ಗುಂಪು ಪ್ರಾಜೆಕ್ಟ್ ಬಗ್ಗೆ ನನ್ನದು ಖಡಾಖಂಡಿತ ಅಭಿಪ್ರಾಯ: ಕೊಡಲೇಬಾರದು. ಮನೆಯಲ್ಲಿ ಆಗುವ ಕೆಲಸಕ್ಕೆ ಟೀಚರ್ ಕಣ್ಣಿಲ್ಲ. ಯಾರು ಮಾಡಿದರು ಅಂತ ಗೊತ್ತಾಗುವ ದಾರಿಯೂ ಇಲ್ಲ. ತಂಡದ ಕೆಲಸ ಏನಿದ್ದರೂ ತರಗತಿಯ ನಾಲ್ಕು ಗೋಡೆ ಒಳಗೆ, ನಮ್ಮ ಎದುರಿಗೆ ನಡೆಯಬೇಕು. ಮೇಲೆ ಸರ್ ಹೇಳಿದ ಕ್ರಮದಲ್ಲಿ ಮಗಳ ಪರೀಕ್ಷೆ ಅಂಕ ಅವಳದ್ದೇ, ಅದನ್ನು ಯಾರೂ ಕೆಳಗೆ ಎಳೆಯೋಕೆ ಆಗುವುದಿಲ್ಲ. ತಂಡದ ಪಾಯಿಂಟ್ ಬೇರೆ ಲೆಕ್ಕ, ಅದು ಅಂಕಪಟ್ಟಿಗೆ ಹೋಗುವುದಿಲ್ಲ.

ಹೇಳಿಕೊಡೋದು ಹೊರೆಯಾ ಅನ್ನೋ ಪ್ರಶ್ನೆಗೆ ನೋರೀನ್ ವೆಬ್ ಅವರ ಕೆಲಸ ನೋಡಬೇಕು. ಕ್ಯಾಲಿಫೋರ್ನಿಯಾದಲ್ಲಿ ಮಕ್ಕಳು ಗುಂಪಿನಲ್ಲಿ ಆಡುವ ಮಾತನ್ನು ವರ್ಷಗಟ್ಟಲೆ ಕೇಳಿಸಿಕೊಂಡು ಅಧ್ಯಯನ ಮಾಡಿದವರು. ಲೆಕ್ಕ ಹೇಗೆ ಬಂತು ಅಂತ ಬಿಡಿಸಿ ವಿವರಿಸಿದ ಮಗು ತಾನೂ ಹೆಚ್ಚು ಕಲಿಯುತ್ತದೆ ಅಂತ ಅವರು ತೋರಿಸಿದರು. "ಉತ್ತರ 5, ಬರ್ಕೋ" ಅಂದವರಿಗೆ ಆ ಲಾಭ ಇಲ್ಲ. ಬರೆದುಕೊಂಡ ಮಗುವಿಗಂತೂ ಏನೂ ಸಿಗಲ್ಲ.

ನನ್ನ ತರಗತಿಯಲ್ಲಿ ಅದಕ್ಕೇ ಒಂದು ಕಟ್ಟುನಿಟ್ಟು ಇಟ್ಟಿದ್ದೇನೆ. ತಂಡದಲ್ಲಿ ಉತ್ತರ ಹೇಳುವ ಹಾಗಿಲ್ಲ, ಮುಂದಿನ ಹೆಜ್ಜೆ ಮಾತ್ರ ಹೇಳಬಹುದು. ಮಸೂರದ ಪಾಠ ನಡೆಯುವಾಗ ಒಬ್ಬ ಹುಡುಗ ಗೆಳೆಯನಿಗೆ ಹೇಳುತ್ತಿದ್ದದ್ದು ಕಿವಿಗೆ ಬಿತ್ತು: "ಫಸ್ಟ್ ರೇ ಸಮಾನಾಂತರ ಹೋಗ್ತದೆ. ಈಗ ಅದು ಮಸೂರ ದಾಟಿ ಎಲ್ಲಿಗೆ ಹೋಗಬೇಕು ನೀನೇ ಹೇಳು." ಕೇಳಿದವನು ಸ್ವಲ್ಪ ಯೋಚಿಸಿ ಎಫ್ ಬಿಂದುವಿನ (ಕಿರಣಗಳು ಬಂದು ಸೇರುವ ಜಾಗದ) ಮೇಲೆ ಬೆರಳಿಟ್ಟ. ಮೊದಲನೆಯವನು ಅಲ್ಲಿಗೇ ಬಿಡಲಿಲ್ಲ, "ಯಾಕೆ ಅಲ್ಲೇ?" ಅಂತ ಕೇಳಿದ. ಆ ಪ್ರಶ್ನೆಗೆ ಇಬ್ಬರಿಗೂ ಉತ್ತರ ಗೊತ್ತಿರಲಿಲ್ಲ, ಇಬ್ಬರೂ ಪುಸ್ತಕ ತೆಗೆದರು. ಬುದ್ಧಿವಂತ ಮಗು ಕಲಿಯೋದು ಇಂಥ ಹೊತ್ತಿನಲ್ಲೇ.

ಒಂದು ಮಾತು ಮಾತ್ರ ಒಪ್ಪುತ್ತೇನೆ. ಇಡೀ ವರ್ಷ ಪ್ರತಿ ಪೀರಿಯಡ್ ಅವಳನ್ನು ಹೇಳಿಕೊಡೋಕೇ ಕೂರಿಸಿದರೆ ಅದು ಅನ್ಯಾಯ. ಅವಳ ಮಟ್ಟದ ಕಷ್ಟದ ಲೆಕ್ಕವೂ ಅವಳಿಗೆ ಸಿಗಬೇಕು.

ನಲಿ-ಕಲಿ ಶಿಕ್ಷಕ, ಎಚ್.ಡಿ. ಕೋಟೆ ಕಡೆ

ಈ ಚರ್ಚೆ ಓದುತ್ತಾ ಕೂತಿದ್ದೆ. ಗುಂಪಿನಲ್ಲಿ ಕಲಿಯೋದು ನಮ್ಮ ಸರ್ಕಾರಿ ಶಾಲೆ ಮಕ್ಕಳಿಗೆ ಹೊಸದೇನಲ್ಲ. ಚಿಕ್ಕ ಮಕ್ಕಳು ಕಾರ್ಡು ಹಿಡಿದು ಗುಂಪಿನಲ್ಲಿ ಕಲಿಯುವ ನಲಿ-ಕಲಿ ಕ್ರಮ 1995ರಲ್ಲಿ ನಮ್ಮ ತಾಲ್ಲೂಕಿನಲ್ಲೇ ಶುರುವಾಗಿದ್ದು. ಇಲ್ಲಿನ ಮೇಷ್ಟ್ರುಗಳು ಆಂಧ್ರದ ಮದನಪಲ್ಲಿ ಹತ್ತಿರದ ರಿಷಿ ವ್ಯಾಲಿಗೆ ಹೋಗಿ ಅಲ್ಲಿನ ಹಳ್ಳಿ ಶಾಲೆಗಳನ್ನು ನೋಡಿ ಬಂದರು. ಕಾರ್ಡುಗಳನ್ನು ತಾವೇ ಕೂತು ಕನ್ನಡದಲ್ಲಿ ಮಾಡಿದರು. ಯುನಿಸೆಫ್ ಬೆಂಬಲ ಇತ್ತು. 2009-10ರ ಹೊತ್ತಿಗೆ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೂ ಬಂತು.

ನಲಿ-ಕಲಿ ಕೋಣೆಗೆ ಬಂದು ನೋಡಿ. ಒಂದು, ಎರಡು, ಮೂರನೇ ತರಗತಿ ಮಕ್ಕಳು ಒಟ್ಟಿಗೆ ಇರುತ್ತಾರೆ. ಮಗು ಕಲಿಕಾ ಏಣಿಯಲ್ಲಿ (ಕಲಿಯಬೇಕಾದದ್ದನ್ನು ಮೆಟ್ಟಿಲು ಮೆಟ್ಟಿಲಾಗಿ ತೋರಿಸುವ ಪಟ್ಟಿಯಲ್ಲಿ) ತನ್ನ ಮೆಟ್ಟಿಲು ಹುಡುಕುತ್ತದೆ, ಅದರ ಚಿತ್ರ ಇರುವ ಕಾರ್ಡ್ ತೆಗೆದುಕೊಳ್ಳುತ್ತದೆ. ಆ ಕಾರ್ಡಿಗೆ ಯಾವ ತಟ್ಟೆಯೋ (ಒಂದು ಗುಂಪು ಕೂರುವ ಜಾಗಕ್ಕೆ ತಟ್ಟೆ ಅನ್ನುತ್ತೇವೆ) ಅಲ್ಲಿ ಹೋಗಿ ಕೂರುತ್ತದೆ. ಒಂದು ತಟ್ಟೆಯಲ್ಲಿ ಪೂರ್ತಿ ಟೀಚರ್ ಸಹಾಯ, ಒಂದರಲ್ಲಿ ಅರ್ಧ. ಇನ್ನೊಂದರಲ್ಲಿ ಗೆಳೆಯರ ಸಹಾಯ. ಮತ್ತೊಂದರಲ್ಲಿ ಮಗು ತಾನೇ ಕಲಿಯಬೇಕು. ಅಂದರೆ ಈ ಕೆಲಸಕ್ಕೆ ಯಾರ ಸಹಾಯ ಎಷ್ಟು ಬೇಕು ಅನ್ನೋದು ಮೊದಲೇ ನಿಗದಿಯಾಗಿರುತ್ತದೆ. ಕಿಟಕಿ ನೋಡುವ ಮಗು ಇಲ್ಲಿ ಕಡಿಮೆ, ಯಾಕೆಂದರೆ ಪ್ರತಿ ಮಗುವಿನ ಕೈಯಲ್ಲೂ ಅದರದ್ದೇ ಕಾರ್ಡ್ ಇರುತ್ತದೆ.

ನನ್ನ ಸಂಕಟ ಇದು. ಆರೇಳು ವರ್ಷದ ಮಗು ಗೆಳತಿಯ ಕಾರ್ಡ್ ನೋಡಿ "ಇದು ಗ ಅಲ್ಲ ಕಣೇ, ರ. ಓದು ನೋಡಣ" ಅನ್ನೋದನ್ನು ದಿನಾ ಕೇಳುತ್ತೇವೆ. ಅದೇ ಮಗು ನಾಲ್ಕನೇ ತರಗತಿಗೆ ಹೋದರೆ ಸಾಲಾಗಿ ಬೆಂಚು, ಕೈ ಕಟ್ಟು, ಪಕ್ಕ ನೋಡಬೇಡ. ಮೂರು ವರ್ಷ ಕಲಿತ ಅಭ್ಯಾಸ ಒಂದೇ ಬೇಸಿಗೆ ರಜೆಯಲ್ಲಿ ಕಳೆದುಹೋಗುತ್ತದೆ. ಆಮೇಲೆ ಎಂಟನೇ ತರಗತಿಯಲ್ಲಿ ಮತ್ತೆ ಗುಂಪು ಮಾಡಿಸಲು ನೀವು ಕಷ್ಟ ಪಡುತ್ತೀರಿ. ನಾಲ್ಕರಿಂದ ಏಳರವರೆಗೆ ಇದನ್ನು ಉಳಿಸಿಕೊಳ್ಳೋಕೆ ಯಾರಾದರೂ ಕೈ ಹಾಕಬೇಕು.

ಖಾಸಗಿ ಶಾಲೆ ಶಿಕ್ಷಕ, ಬೆಂಗಳೂರು

ಎಲ್ಲ ಸರಿ. ಆದರೆ ಪೀರಿಯಡ್ ಇರೋದು 40 ನಿಮಿಷ. ಹಾಜರಿಗೆ ಐದು ಹೋಯಿತು. ಬೆಂಚ್ ಸರಿಸೋಕೆ ಐದು. ನಮ್ಮಲ್ಲಿ ಬೆಂಚು ಡೆಸ್ಕು ಜೋಡಿಸಿಯೇ ಇರುತ್ತೆ, ಸರಿಸೋಕೂ ಆಗಲ್ಲ. ಗಲಾಟೆ ಕೇಳಿ ಪಕ್ಕದ ಕ್ಲಾಸಿನವರು ಬರುತ್ತಾರೆ. ಪೋರ್ಷನ್ ಮುಗಿಸದಿದ್ದರೆ ಕೇಳೋರು ಬಹಳ ಜನ ಇದ್ದಾರೆ. ಹತ್ತನೇ ತರಗತಿಯಲ್ಲಿ ಇದೆಲ್ಲ ನಡೆಯುತ್ತಾ?

ವಿಜ್ಞಾನ ಶಿಕ್ಷಕಿ, ಉಡುಪಿ

ನಡೆಯುತ್ತದೆ ಸರ್, ಜೋಡಿಯಿಂದ ಶುರು ಮಾಡಿ. ಬೆಂಚು ಸರಿಸಬೇಕಿಲ್ಲ. ಪ್ರಶ್ನೆ ಕೇಳಿ, ಒಂದು ನಿಮಿಷ ಎಲ್ಲರೂ ಸುಮ್ಮನೆ ಯೋಚಿಸಲಿ. ಎರಡು ನಿಮಿಷ ಪಕ್ಕದವರ ಜೊತೆ ಮಾತಾಡಲಿ. ಆಮೇಲೆ ಯಾರನ್ನಾದರೂ ಎಬ್ಬಿಸಿ ಕೇಳಿ. ಫ್ರಾಂಕ್ ಲೈಮನ್ ಅನ್ನುವವರು 1981ರಲ್ಲಿ ಇದನ್ನು ಬರೆದಿಟ್ಟರು. ಜಗತ್ತಿನ ಎಲ್ಲ ಕಡೆ ಟೀಚರುಗಳು ಮಾಡುತ್ತಾರೆ. ಆ ಮೊದಲ ಒಂದು ನಿಮಿಷದ ಮೌನವನ್ನು ದಯವಿಟ್ಟು ಬಿಡಬೇಡಿ. ಅದಿಲ್ಲದಿದ್ದರೆ ಚುರುಕು ಮಗು ಬಾಯಿ ತೆರೆಯುತ್ತದೆ, ಪಕ್ಕದ್ದು ತಲೆಯಾಡಿಸುತ್ತದೆ.

ನಾಲ್ವರ ತಂಡ ಬೇಕಾದರೆ ಮುಂದಿನ ಬೆಂಚಿನ ಇಬ್ಬರು ಹಿಂದಕ್ಕೆ ತಿರುಗಿ ಕೂತರೆ ಸಾಕು. ತಂಡದಲ್ಲಿ ಒಬ್ಬೊಬ್ಬರಿಗೆ 1, 2, 3, 4 ಅಂತ ಸಂಖ್ಯೆ ಕೊಡಿ. ಪ್ರಶ್ನೆ ಕೇಳಿ, ತಲೆ ಸೇರಿಸಿ ಮಾತಾಡಲು ಬಿಟ್ಟು, "ಎಲ್ಲ ತಂಡದ 3ನೇಯವರು ಎದ್ದೇಳಿ" ಅನ್ನಿ. ಯಾವ ಸಂಖ್ಯೆ ಬರುತ್ತೆ ಅಂತ ಯಾರಿಗೂ ಗೊತ್ತಿಲ್ಲದ್ದರಿಂದ ನಾಲ್ವರಿಗೂ ಉತ್ತರ ಗೊತ್ತಿರುವ ಹಾಗೆ ತಂಡವೇ ನೋಡಿಕೊಳ್ಳುತ್ತದೆ. ಕೈ ಎತ್ತುವ ಅದೇ ಆರು ಮಕ್ಕಳ ಜೊತೆ ಪಾಠ ಮುಗಿಸೋದು ತಪ್ಪುತ್ತದೆ.

ಗಲಾಟೆಗೆ ನಾನು ಕೈ ಮೇಲೆತ್ತುತ್ತೇನೆ, ನೋಡಿದವರು ತಾವೂ ಎತ್ತಿ ಮಾತು ನಿಲ್ಲಿಸುತ್ತಾರೆ. ವರ್ಷದ ಮೊದಲ ವಾರಗಳಲ್ಲಿ ಇದನ್ನೇ ಅಭ್ಯಾಸ ಮಾಡಿಸಬೇಕು. ಪೋರ್ಷನ್ ವಿಷಯದಲ್ಲಿ ನನ್ನ ನಿಲುವು ಇಷ್ಟೇ: ನಾನು ಮುಗಿಸಿದ ಪಾಠ ಮಕ್ಕಳಿಗೆ ಬರದಿದ್ದರೆ ಅದು ಮುಗಿದ ಹಾಗಲ್ಲ.

ಸಮಾಜ ವಿಜ್ಞಾನ ಶಿಕ್ಷಕ, ಧಾರವಾಡ

ಗಣಿತದವರೇ ಮಾತಾಡಾಕತ್ತೀರಿ, ನಮ್ಮ ವಿಷಯಕ್ಕೂ ಸ್ವಲ್ಪ ಜಾಗ ಇರಲಿ. ಸಮಾಜ ವಿಜ್ಞಾನಕ್ಕೆ ನನಗೆ ಒಗ್ಗಿದ್ದು ಜಿಗ್ಸಾ ಕ್ರಮ. ಅದರ ಹಿನ್ನೆಲೆ ಗೊತ್ತಿದ್ದರೆ ಇನ್ನೂ ಇಷ್ಟ ಆಗುತ್ತದೆ. 1971, ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರ. ಅಲ್ಲಿಯವರೆಗೆ ಬೇರೆ ಬೇರೆ ಶಾಲೆಯಲ್ಲಿ ಓದುತ್ತಿದ್ದ ಬಿಳಿಯರ, ಕರಿಯರ, ಮೆಕ್ಸಿಕೋ ಮೂಲದವರ ಮಕ್ಕಳು ಒಂದೇ ತರಗತಿಗೆ ಬಂದರು. ದಿನಾ ಜಗಳ, ಹೊಡೆದಾಟ. ಮನಶ್ಶಾಸ್ತ್ರಜ್ಞ ಎಲಿಯಟ್ ಅರಾನ್ಸನ್ ಅವರನ್ನು ಕರೆಸಿದರು. ಅವರು ತರಗತಿಯಲ್ಲಿ ಕೂತು ನೋಡಿದಾಗ ಕಂಡದ್ದು, ಟೀಚರ್ ಕೇಳುವ ಪ್ರಶ್ನೆಗೆ ನಾನು ಮೊದಲು ನೀನು ಮೊದಲು ಅನ್ನುವ ಪೈಪೋಟಿ. ಒಬ್ಬ ತಪ್ಪು ಹೇಳಿದರೆ ಇನ್ನೊಬ್ಬನಿಗೆ ಖುಷಿ. ಅರಾನ್ಸನ್ ಪಾಠವನ್ನೇ ತುಂಡು ಮಾಡಿ ಹಂಚಿದರು. ಒಬ್ಬೊಬ್ಬರ ಹತ್ತಿರ ಒಂದು ತುಂಡು ಮಾತ್ರ. ಇನ್ನೊಬ್ಬ ಹೇಳಿದ್ದನ್ನು ಕಿವಿಗೊಟ್ಟು ಕೇಳದಿದ್ದರೆ ನಿನಗೇ ಪರೀಕ್ಷೆ ಬರೆಯಲು ಆಗುವುದಿಲ್ಲ.

ಕರ್ನಾಟಕ ಏಕೀಕರಣದ ಪಾಠ ಇದಕ್ಕೆ ಹೇಳಿ ಮಾಡಿಸಿದ ಹಾಗಿದೆ. ಐದು ಮಕ್ಕಳ ತಂಡ. ಒಬ್ಬರಿಗೆ ಹಳೆ ಮೈಸೂರು ಸಂಸ್ಥಾನ. ಒಬ್ಬರಿಗೆ ಮುಂಬೈ ಪ್ರಾಂತದ ನಮ್ಮ ಧಾರವಾಡ, ಬೆಳಗಾವಿ, ವಿಜಯಪುರ, ಉತ್ತರ ಕನ್ನಡ. ಒಬ್ಬರಿಗೆ ನಿಜಾಮನ ಕೈಯಲ್ಲಿದ್ದ ಬೀದರ್, ಕಲಬುರಗಿ, ರಾಯಚೂರು. ಒಬ್ಬರಿಗೆ ಮದ್ರಾಸ್ ಪ್ರಾಂತದ ದಕ್ಷಿಣ ಕನ್ನಡ, ಕೊಳ್ಳೇಗಾಲ, ಜೊತೆಗೆ 1953ರಲ್ಲೇ ಮೈಸೂರಿಗೆ ಸೇರಿದ ಬಳ್ಳಾರಿ. ಇನ್ನೊಬ್ಬರಿಗೆ ಕೊಡಗು. ಪ್ರತಿಯೊಬ್ಬರೂ ತಮ್ಮ ಭಾಗ 1956ರ ನವೆಂಬರ್ 1ಕ್ಕೆ ಹೇಗೆ ಒಂದಾಯಿತು ಅಂತ ತಂಡಕ್ಕೆ ಹೇಳಬೇಕು.

ಹೇಳುವುದಕ್ಕೆ ಮೊದಲು ಒಂದು ಹಂತ ಇದೆ. ಅದನ್ನು ಬಿಟ್ಟರೆ ಎಲ್ಲ ಕೆಡುತ್ತದೆ. ಎಲ್ಲ ತಂಡದ ಕೊಡಗಿನವರು ಒಂದು ಕಡೆ, ಎಲ್ಲ ತಂಡದ ಹೈದರಾಬಾದಿನವರು ಒಂದು ಕಡೆ ಕೂಡಬೇಕು. ತಮ್ಮ ತುಂಡನ್ನು ಒಟ್ಟಿಗೆ ಓದಿ, ಏನು ಹೇಳಬೇಕು ಅಂತ ಮಾತಾಡಿಕೊಂಡು, ಆಮೇಲೆ ತಮ್ಮ ತಂಡಕ್ಕೆ ಮರಳಬೇಕು. ಓದುವುದರಲ್ಲಿ ಹಿಂದಿರುವ ಮಗುವಿಗೆ ಇಲ್ಲೇ ಧೈರ್ಯ ಬರುವುದು. ತಂಡದ ಎದುರು ತಡವರಿಸಿ ನಗೆಪಾಟಲಾಗುವುದು ತಪ್ಪುತ್ತದೆ.

ನಕಾಶೆಯನ್ನೂ ಐದು ತುಂಡು ಕತ್ತರಿಸಿ ಕೊಟ್ಟಿದ್ದೆ. ನಿಜಾಮನ ಭಾಗ ಹಿಡಿದಿದ್ದ ಹುಡುಗಿ ಇಡೀ ತಂಡವನ್ನು ಕಾಯಿಸಿ ನಿಲ್ಲಿಸಿದಳು: "1947ರಾಗ ನಿಮಗೆಲ್ಲ ಸ್ವಾತಂತ್ರ್ಯ ಬಂತು. ನಮ್ಮ ಕಡೆ 1948ರ ಸೆಪ್ಟೆಂಬರ್ ತನಕ ಬರಲಿಲ್ಲ. ಮೊದಲು ಅದನ್ನ ಬರಕೋರಿ." ನಾನು ಪಾಠ ಮಾಡುವಾಗ ಹೇಳಿದ್ದರೆ ಅದು ಇನ್ನೊಂದು ಇಸವಿ ಅಷ್ಟೇ ಆಗುತ್ತಿತ್ತು.

ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ (ಸುತ್ತಲಿನ ಶಾಲೆಗಳ ಟೀಚರುಗಳಿಗೆ ನೆರವಾಗುವವರು), ಕಲಬುರಗಿ ಜಿಲ್ಲೆ

ಇಷ್ಟು ಹೊತ್ತು ಯಾರೂ ಎತ್ತದ ಒಂದು ಮಾತು ಇದೆ. ಶಾಲೆ ಭೇಟಿಗೆ ಹೋದಾಗ ನಾನು ಗುಂಪಿನ ಮಧ್ಯೆ ಇರುವ ಹಾಳೆಯನ್ನೇ ನೋಡುತ್ತಿರುತ್ತೇನೆ. ಅದು ಯಾರ ಕಡೆ ತಿರುಗಿದೆ? ಬಹಳ ಕಡೆ ಒಂದು ಮಗುವಿನ ಮುಂದಕ್ಕೆ ಹಾಳೆ ಬರುವುದೇ ಇಲ್ಲ. ಮನೆಯಲ್ಲಿ ಲಂಬಾಣಿ ಮಾತಾಡುವ ಮಗು, ತಾಂಡಾದಿಂದ ಬರುವ ಮಗು, ಊರಿನ ಕೊನೆಯ ಕೇರಿಯ ಮಗು. ಆ ಮಗು ಸರಿ ಉತ್ತರ ಹೇಳಿದರೂ ಯಾರೂ ಕೇಳಿಸಿಕೊಳ್ಳುವುದಿಲ್ಲ. ಅದೇ ಉತ್ತರವನ್ನು ಎರಡು ನಿಮಿಷದ ಮೇಲೆ ಇನ್ನೊಬ್ಬ ಹೇಳಿದರೆ ಬರೆದುಕೊಳ್ಳುತ್ತಾರೆ. ಊರಿನಲ್ಲಿ ಇರುವ ಮೇಲುಕೀಳು ಆ ನಾಲ್ವರ ನಡುವೆಯೂ ಬಂದು ಕೂತಿರುತ್ತದೆ. ಬರೀ ಗುಂಪು ಮಾಡಿದರೆ ಅದು ಹೋಗುವುದಿಲ್ಲ. ಕೆಲವು ಸಲ ಇನ್ನೂ ಗಟ್ಟಿ ಆಗುತ್ತದೆ.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಎಲಿಜಬೆತ್ ಕೋಹೆನ್ ಇದರ ಮೇಲೆಯೇ ಬಹಳ ವರ್ಷ ಕೆಲಸ ಮಾಡಿದರು. ಅವರು ಹೇಳಿದ ಉಪಾಯ ನನಗೆ ಬಹಳ ಹಿಡಿಸಿತು. ಹಿಂದೆ ಬಿದ್ದ ಮಗು ನಿಜವಾಗಿ ಚೆನ್ನಾಗಿ ಮಾಡಿದ ಕೆಲಸವನ್ನು ಟೀಚರ್ ಕಣ್ಣಿಟ್ಟು ಹುಡುಕಬೇಕು. ಸಿಕ್ಕಾಗ ತಂಡದ ಎದುರೇ, ಏನು ಚೆನ್ನಾಗಿದೆ ಅಂತ ಬಿಡಿಸಿ ಹೇಳಬೇಕು. "ವೆರಿ ಗುಡ್" ಅಂದರೆ ಸಾಲದು.

ಒಂದು ಶಾಲೆಯಲ್ಲಿ ನೋಡಿದ್ದು ಹೇಳುತ್ತೇನೆ. ಏಳನೇ ತರಗತಿ, ವಿಸ್ತೀರ್ಣದ ಪಾಠ. ಶಾಲೆ ಮೈದಾನ ಎಷ್ಟು ಎಕರೆ ಅಂತ ಕಂಡುಹಿಡಿಯಬೇಕಿತ್ತು. ತಂಡದ ಮೂವರು ಟೇಪ್ ಹಿಡಿದು ಅಡಿ ಅಳೆದರು. ದೊಡ್ಡ ಗುಣಾಕಾರ ಮಾಡಿ ಸಿಕ್ಕಿಬಿದ್ದರು, ಚದರ ಅಡಿಯಿಂದ ಎಕರೆಗೆ ಹೋಗುವ ದಾರಿ ಗೊತ್ತಿಲ್ಲ. ನಾಲ್ಕನೆಯವಳು ಟೇಪಿನ ತುದಿ ಹಿಡಿದು ನಿಂತಿದ್ದಳು ಅಷ್ಟೇ. ಮೆಲ್ಲಗೆ ಅಂದಳು, "ಒಂದು ಗುಂಟೆ ಅಂದ್ರ ಆ ಕಡೆ 33 ಅಡಿ, ಈ ಕಡೆ 33 ಅಡಿ. ನಮ್ಮಪ್ಪ ಹೊಲದಾಗ ಹಂಗೇ ಅಳೀತಾನ." ಯಾರೂ ತಿರುಗಿ ನೋಡಲಿಲ್ಲ. ಟೀಚರ್ ಅಲ್ಲೇ ಹತ್ತಿರ ಇದ್ದರು. "ನಿಲ್ಲಿ. ಇವಳು ಈಗ ಹೇಳಿದ್ದನ್ನು ಕೇಳಿದಿರಾ? 33 ಗುಣಿಸು 33, 1089 ಚದರ ಅಡಿ, ಒಂದು ಗುಂಟೆ. 40 ಗುಂಟೆಗೆ ಒಂದು ಎಕರೆ. ನಿಮ್ಮ ಲೆಕ್ಕ ನಿಂತ ಜಾಗದಿಂದ ಮುಂದಕ್ಕೆ ಹೋಗುವ ದಾರಿ ಇವಳ ಹತ್ತಿರ ಇದೆ. ಇನ್ನೊಂದು ಸಲ ಕೇಳಿ," ಅಂದರು. ಹುಡುಗರು ಕೇಳಿದರು. ಅವಳು ಕಡ್ಡಿಯಿಂದ ನೆಲದ ಮೇಲೆ ಚೌಕ ಬರೆದು ತೋರಿಸಿದಳು. ಮುಂದಿನ ಲೆಕ್ಕಕ್ಕೆ ಹಾಳೆ ಅವಳ ಮುಂದಿತ್ತು.

ಪರೀಕ್ಷೆಯ ಪಾಯಿಂಟ್ ಎಷ್ಟು ಮುಖ್ಯವೋ ಇದೂ ಅಷ್ಟೇ ಮುಖ್ಯ. ತಂಡಕ್ಕೆ ಕೊಡುವ ಕೆಲಸವೂ ಅಂಥದ್ದು ಇರಬೇಕು. ಬರೀ ಲೆಕ್ಕ ಬಿಡಿಸುವ ಹಾಳೆ ಕೊಟ್ಟರೆ ಲೆಕ್ಕದಲ್ಲಿ ಚುರುಕು ಇದ್ದವರದ್ದೇ ಮಾತು. ಅಳೆಯುವುದು, ಚಿತ್ರ ಬರೆಯುವುದು, ಅಂದಾಜು ಮಾಡುವುದು, ಮನೆಯ ಅನುಭವ ಎಲ್ಲ ಬೇಕಾಗುವ ಕೆಲಸ ಕೊಟ್ಟರೆ ಬೇರೆ ಬೇರೆ ಮಕ್ಕಳಿಗೆ ಬಾಯಿ ಬರುತ್ತದೆ.

ಡಿಪ್ಲೊಮಾ ಕಾಲೇಜಿನ ಉಪನ್ಯಾಸಕ, ತುಮಕೂರು

ನಮ್ಮಲ್ಲಿ ಕೊನೇ ವರ್ಷದ ಪ್ರಾಜೆಕ್ಟ್‌ಗೂ ಇದೇ ಕಥೆ. ಈಗ ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಯಾವ ಭಾಗವನ್ನು ಯಾರು ಮಾಡಿದರು ಅಂತ ಕೇಳಲ್ಲ. ಇನ್ನೊಬ್ಬ ಮಾಡಿದ ಭಾಗವನ್ನು ಇವನು ವಿವರಿಸಬೇಕು. ತಂಡದೊಳಗಿನ ಮಾತುಕತೆ ತಾನಾಗಿ ಜಾಸ್ತಿ ಆಗಿದೆ.

ಗಣಿತ ಟೀಚರ್, ಹಾಸನ ಜಿಲ್ಲೆ

ಎಲ್ಲರಿಗೂ ತುಂಬಾ ಧನ್ಯವಾದ. ಈ ಚರ್ಚೆ ಶುರುವಾಗಿ ಕೆಲವು ವಾರ ಆಯಿತು, ಅಷ್ಟರಲ್ಲಿ ನಡೆದದ್ದು ಹೇಳುತ್ತೇನೆ.

11 ತಂಡ ಮಾಡಿದೆ. ಎರಡು ಹಾಳೆ, ಜೊತೆಗೆ ಉತ್ತರದ ಹಾಳೆ. ಉತ್ತರ ಮೊದಲೇ ಕೊಟ್ಟಾಗ ಮಕ್ಕಳಿಗೆ ನಂಬಿಕೆಯೇ ಬರಲಿಲ್ಲ. "ಮಿಸ್, ನೋಡಬಹುದಾ?" ಅಂತ ಪಿಸುಗುಟ್ಟಿ ಕೇಳಿದರು. ಮೊದಮೊದಲು ನೋಡಿ ಬರೆದರು. ಒಬ್ಬೊಬ್ಬರೇ ಪರೀಕ್ಷೆ ಬರೆದು, ತಂಡದ ಪಾಯಿಂಟ್ ಹೇಗೆ ಬಂತು ಅಂತ ಬೋರ್ಡ್ ಮೇಲೆ ಬಿಡಿಸಿ ತೋರಿಸಿದ ಮೇಲೆ ರೀತಿ ಬದಲಾಯಿತು. ಮುಂದಿನ ಅಭ್ಯಾಸದಲ್ಲಿ ಒಬ್ಬ ಹುಡುಗ ಉತ್ತರದ ಹಾಳೆಯನ್ನು ಮಗುಚಿ ಅದರ ಮೇಲೆ ಜಾಮಿಟ್ರಿ ಬಾಕ್ಸ್ ಇಟ್ಟ. "ಮೊದಲು ಮಾಡು, ಆಮೇಲೆ ನೋಡೋಣ" ಅಂದ. ಸಂಖ್ಯೆ ಸಮ ಚಿಹ್ನೆಯ ಆ ಕಡೆಗೆ ಹೋದಾಗ ಕೂಡೋದು ಕಳೆಯೋದು ಯಾಕಾಗುತ್ತೆ ಅಂತ ಒಂದು ತಂಡದಲ್ಲಿ ದೊಡ್ಡ ವಾದ ನಡೆಯಿತು. ಹುಡುಗಿಯೊಬ್ಬಳು "ಹೋಗೋದೂ ಇಲ್ಲ ಬರೋದೂ ಇಲ್ಲ, ಎರಡೂ ಕಡೆ 5 ಕಳೀತಿದೀವಿ ಅಷ್ಟೇ" ಅಂತ ಹೇಳಿದ್ದು ಕೇಳಿ ನನಗೆ ಬಹಳ ಸಂತೋಷವಾಯಿತು. ಗುಂಟೆ ಮಾತು ಓದಿದ ಮೇಲೆ ನಾನೂ ಹಾಳೆ ಯಾರ ಕಡೆ ತಿರುಗಿದೆ ಅಂತ ನೋಡಿಕೊಂಡು ಓಡಾಡುತ್ತೇನೆ.

ಗಲಾಟೆ ಇದೆ. ಕೆಲವು ತಂಡ ಇನ್ನೂ ಕುದುರಿಲ್ಲ. ಎರಡು ಪ್ರಶ್ನೆ ಉಳಿದಿವೆ. ಆಲೂಗಡ್ಡೆ ಕೀಳುವ ಸಮಯದಲ್ಲಿ ನಮ್ಮ ಮಕ್ಕಳು ವಾರಗಟ್ಟಲೆ ಬರುವುದಿಲ್ಲ. ಅವರ ತಂಡಕ್ಕೆ ಅನ್ಯಾಯ ಆಗುತ್ತಾ? ಇನ್ನೊಂದು, ಈ ತಂಡಗಳನ್ನು ಎಷ್ಟು ಕಾಲ ಇಡಬೇಕು?

ನಿವೃತ್ತ ಡಯಟ್ ಉಪನ್ಯಾಸಕ, ಮೈಸೂರು

ಓದಿ ತುಂಬಾ ಖುಷಿಯಾಯಿತು ಮೇಡಂ. ಬಾರದ ಮಗುವನ್ನು ಸರಾಸರಿಗೆ ಸೇರಿಸಬೇಡಿ, ಪರೀಕ್ಷೆ ಬರೆದವರದ್ದನ್ನು ಮಾತ್ರ ಭಾಗಿಸಿ. ಮಗು ಮರಳಿ ಬಂದ ದಿನ ಹಿಂದಿನ ಹಾಳೆಗಳನ್ನು ತಂಡದ ಕೈಗೆ ಕೊಟ್ಟು, ಅರ್ಧ ಪೀರಿಯಡ್ ಆ ಮಗುವಿಗೆ ತಿಳಿಸಲು ಬಿಡಿ. ನಾಲ್ಕೈದು ದಿನ ಆದ ಮೇಲೆ ಪರೀಕ್ಷೆ ಕೊಡಿ. ಹೊಲದ ಕೆಲಸಕ್ಕೆ ಹೋಗಿ ಬಂದ ಮಗುವಿಗೆ, ತನ್ನ ಜಾಗ ಇನ್ನೂ ಇದೆ ಅಂತ ಅನ್ನಿಸೋದು ಬಹಳ ಮುಖ್ಯ.

ತಂಡವನ್ನು ಐದಾರು ವಾರ ಇಡಿ. ಹೊಂದಿಕೊಳ್ಳದ ತಂಡವನ್ನು ನಡುವೆ ಒಡೆಯಬೇಡಿ, ಹೊಂದಿಕೊಳ್ಳಲು ಕಲಿಯುವುದೂ ಇದರ ಭಾಗ. ವಾರಕ್ಕೊಮ್ಮೆ ಐದು ನಿಮಿಷ ಕೊಟ್ಟು, ನಮ್ಮ ತಂಡದಲ್ಲಿ ಯಾವುದು ಚೆನ್ನಾಗಿ ನಡೆಯಿತು, ಮುಂದಿನ ವಾರ ಯಾವುದನ್ನು ಬದಲಿಸೋಣ ಅಂತ ಅವರೇ ಮಾತಾಡಿಕೊಳ್ಳಲಿ. ಮಿನ್ನೆಸೋಟ ವಿಶ್ವವಿದ್ಯಾಲಯದ ಜಾನ್ಸನ್ ಸಹೋದರರು ತಂಡ ಕಲಿಕೆಗೆ ಬೇಕೇ ಬೇಕು ಅಂತ ಹೇಳಿದ ಐದು ಸಂಗತಿಗಳಲ್ಲಿ ಇದೂ ಒಂದು. ನಮ್ಮ ಕಡೆ ಎಲ್ಲರೂ ಬಿಟ್ಟುಬಿಡೋದು ಇದನ್ನೇ. ದಸರಾ ರಜೆ ಕಳೆದು ಬಂದ ಮೇಲೆ ಹೊಸ ತಂಡ ಮಾಡಿ.

ಹಿಂದಿನ ಸರಾಸರಿ ಬರೆದಿಟ್ಟ ಪುಸ್ತಕ ನಿಮ್ಮ ಹತ್ತಿರವೇ ಇರಲಿ. ಗೋಡೆ ಮೇಲೆ ಹಾಕುವುದಾದರೆ ತಂಡದ ಪಾಯಿಂಟ್ ಮಾತ್ರ ಹಾಕಿ, ಒಬ್ಬೊಬ್ಬರದ್ದು ಬೇಡ. ಮೊದಲನೇ ಸ್ಥಾನ, ಎರಡನೇ ಸ್ಥಾನ ಅಂತಲೂ ಬೇಡ. ಸರಾಸರಿ 20 ಪಾಯಿಂಟ್ ದಾಟಿದ ತಂಡಗಳು ಎಷ್ಟಿದ್ದರೂ ಎಲ್ಲವನ್ನೂ ಪ್ರಾರ್ಥನೆ ಹೊತ್ತಿನಲ್ಲಿ ಹೆಸರು ಹಿಡಿದು ಕರೆಯಿರಿ.